ಮುಂದೆ ನಡೆದ ಅಪ್ಪ, ಹಿಂದೆ ನಡೆದ ತಾತ

ಅಪ್ಪ ಹೋದ ಮೇಲೆ ಅವರ ನೆನಪಿಗೆ ಒಂದು ಚಿಕ್ಕ ಪುಸ್ತಿಕೆ ಮಾಡೋಣ ಅಂದಿದ್ದು ಅಕ್ಕ. ಮನೆಮಂದಿಗೆ, ಮತ್ತೆ ಅಪ್ಪನ ಜೊತೆ ಬೆಟ್ಟ ಕಾಡು ಅಲೆದ ಕೆಲವು ಸ್ನೇಹಿತರಿಗೆ ಕೊಡೋದಕ್ಕೆ. ಕೆಲಸ ನನ್ನ ತಲೆಗೆ ಬಂತು, ಯಾಕಂದ್ರೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಜಾಸ್ತಿ ಕೂರುವವನು ನಾನೇ. ಇಂಥ ಕೆಲಸಕ್ಕೆ ಕೈ ಹಾಕುವವರು ಬೇರೆ ಮನೆಗಳಲ್ಲೂ ಇರುತ್ತಾರೆ ಅಲ್ವಾ, ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಾವು ಹೇಗೆ ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲೇ ನೆಂಟರೊಬ್ಬರು ಅರ್ಧ ಪುಟ ಬರೆದು ಕಳಿಸಿದರು. 'ಪ್ರಕೃತಿ ಪ್ರೇಮಿ, ಆದರ್ಶ ತಂದೆ, ಮೊಮ್ಮಕ್ಕಳ ಅಚ್ಚುಮೆಚ್ಚಿನ ತಾತ, ಸದಾ ಹಸನ್ಮುಖಿ.' ಪ್ರೀತಿಯಿಂದಲೇ ಬರೆದಿದ್ದರು. ಅಕ್ಕ ಓದಿ, "ಹೆಸರು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಆಗತ್ತೆ ಕಣೋ" ಅಂದಳು. ಅದೂ ಅಲ್ಲದೆ ಹಸನ್ಮುಖಿ ಅನ್ನೋದು ಶುದ್ಧ ಸುಳ್ಳು. ಹಕ್ಕಿ ಕಂಡಾಗ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಅಪ್ಪನ ಮುಖ ನೋಡೋಕೆ ಆಗುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಕೂತು ಒಂದು ಮಾತಿಗೆ ಬಂದೆವು. ಹೊಗಳಿಕೆ ಬೇಡ. ಅವರು ಏನು ಮಾಡುತ್ತಿದ್ದರು, ಏನು ಹೇಳುತ್ತಿದ್ದರು, ಅಷ್ಟೇ ಇರಲಿ.

ಇದಕ್ಕೆ ದೊಡ್ಡ ಆಧಾರ ಅಂದ್ರೆ ಅಪ್ಪನ ನೋಟ್‌ಬುಕ್‌ಗಳು. ಅಂಗಿ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕವು. ಎಲ್ಲಿಗೆ ಹೋದರೂ ಒಂದು ಜೊತೆಗಿರುತ್ತಿತ್ತು. ಬರೆಯುತ್ತಿದ್ದದ್ದು ಪೆನ್ಸಿಲ್‌ನಲ್ಲಿ ಮಾತ್ರ. ಚಿಕ್ಕವನಿದ್ದಾಗ ಇದೇನು ಜಿಪುಣತನ ಅಂತ ಅನ್ನಿಸುತ್ತಿತ್ತು. ಈಗ ತೆರೆದು ನೋಡಿದರೆ ಕಾರಣ ಗೊತ್ತಾಗುತ್ತದೆ. ಮಳೆಯಲ್ಲಿ ನೆಂದು, ಒಣಗಿ, ಸುಕ್ಕಾದ ಪುಟಗಳಲ್ಲೂ ಅಕ್ಷರ ಹಾಗೇ ನಿಂತಿದೆ. ಅಪರೂಪಕ್ಕೆ ಯಾರದೋ ಪೆನ್ನು ಇಸಕೊಂಡು ಬರೆದ ಪುಟಗಳು ನೀಲಿ ಕಲೆಯಾಗಿ ಹರಡಿಹೋಗಿವೆ. ನಡುವೆ ಸಿಕ್ಕಿಸಿಟ್ಟ ಬಸ್ ಟಿಕೆಟ್‌ಗಳಂತೂ ಇನ್ನೂ ಕಷ್ಟ. ಹಳೇ ಅಚ್ಚಿನವು ಚೆನ್ನಾಗಿವೆ. ಮಷೀನಿನಿಂದ ಬರುವ ನುಣುಪು ಕಾಗದದ ಟಿಕೆಟ್‌ಗಳು ಪೂರ್ತಿ ಬಿಳಿ. ಆ ಕಾಗದದ ಮೇಲೆ ಅಕ್ಷರ ಮೂಡೋದು ಶಾಖದಿಂದ, ಕೆಲವು ವರ್ಷಕ್ಕೆ ತಾನಾಗೇ ಮಾಸಿಹೋಗುತ್ತದೆ. ನಿಮ್ಮ ಮನೆಯಲ್ಲಿ ಅಂಥವು ಇದ್ದರೆ ಇವತ್ತೇ ಫೋಟೊ ತೆಗೆದಿಡಿ.

ಪೆನ್ಸಿಲ್ ಬರಹವನ್ನು ಫೋಟೊ ತೆಗೆಯುವುದಕ್ಕೂ ಒಂದು ಉಪಾಯ ಬೇಕು. ನೇರ ದೀಪದ ಕೆಳಗೆ ಇಟ್ಟರೆ ಸೀಸ ಹೊಳೆದು ಅಕ್ಷರ ಮಾಯವಾಗುತ್ತದೆ. ಕಿಟಕಿ ಪಕ್ಕ, ಬೆಳಕು ಓರೆಯಾಗಿ ಬೀಳುವ ಕಡೆ ಇಟ್ಟು, ಮೇಲಿನಿಂದ ತೆಗೆದರೆ ಸರಿಯಾಗಿ ಬರುತ್ತದೆ. ಒತ್ತಿ ಬರೆದು ಅಳಿಸಿದ ಜಾಗವೂ ಆ ಬೆಳಕಿನಲ್ಲಿ ಕಾಣುತ್ತದೆ.

ನಿಜವಾದ ತಲೆನೋವು ಇಸವಿ. ಅಪ್ಪ ತಾರೀಖು ಬರೆಯುತ್ತಿದ್ದರು, ವಾರ ಬರೆಯುತ್ತಿದ್ದರು, ಇಸವಿ ಮಾತ್ರ ಬರೆಯುತ್ತಿರಲಿಲ್ಲ. ಒಂದು ತಾರೀಖು ಅದೇ ವಾರಕ್ಕೆ ಮತ್ತೆ ಬರೋದು ಐದು, ಆರು ಅಥವಾ ಹನ್ನೊಂದು ವರ್ಷಕ್ಕೊಮ್ಮೆ. ಅಷ್ಟರಿಂದಲೇ ಇಸವಿ ಹೇಳೋಕೆ ಆಗಲ್ಲ. ಆದರೆ ರಾತ್ರಿ ಹೊರಗೆ ಉಳಿದಾಗಲೆಲ್ಲ ಚಂದ್ರ ಹೇಗಿದ್ದ ಅಂತ ಒಂದು ಪುಟ್ಟ ಚಿತ್ರ ಬರೆಯುತ್ತಿದ್ದರು. ಒಂದೇ ತಾರೀಖಿಗೆ ಚಂದ್ರ ಅದೇ ಆಕಾರದಲ್ಲಿ ಬರೋದು ಸುಮಾರು ಹತ್ತೊಂಬತ್ತು ವರ್ಷಕ್ಕೊಮ್ಮೆ. ವಾರವನ್ನೂ ಚಂದ್ರನನ್ನೂ ಜೊತೆಗಿಟ್ಟು ಹಳೇ ಪಂಚಾಂಗದ ಲೆಕ್ಕ ನೋಡಿದರೆ ಜಾಸ್ತಿ ಪುಟಗಳಿಗೆ ಒಂದೇ ಇಸವಿ ಉಳಿಯುತ್ತದೆ. ಈ ಕೆಲಸದಲ್ಲಿ ನನಗೆ ಮಜಾ ಹತ್ತಿಬಿಟ್ಟಿತು. ಪುಸ್ತಿಕೆಗೆ ಬೇಕಿಲ್ಲದ ಪುಟಗಳಿಗೂ ಇಸವಿ ಹುಡುಕುತ್ತಾ ಕೂತಿದ್ದೆ. ಅಕ್ಕ ಬೈದಳು.

ಕೆಲವು ಪುಟಗಳಿಗೆ ಆಕಾಶವೇ ಉತ್ತರ ಕೊಟ್ಟಿತು. 'ಧೂಮಕೇತು ಇನ್ನೂ ಇದೆ. ಬಾಲ ಎರಡು, ಒಂದು ಬಿಳಿ, ಒಂದು ನೀಲಿ' ಅಂತ ಒಂದು ಪುಟ. ಅದು ಹೇಲ್-ಬಾಪ್, 1997. ಆ ವರ್ಷ ಏಪ್ರಿಲ್ 1ಕ್ಕೆ ಅದು ಸೂರ್ಯನಿಗೆ ಅತಿ ಹತ್ತಿರ ಬಂದಿತ್ತು. 'ಮಂಗಳ ಹೀಗೆ ಉರಿಯೋದನ್ನು ನಾನು ನೋಡಿಲ್ಲ' ಅನ್ನುವ ಪುಟ 2003ರ ಆಗಸ್ಟ್. ಆಗ ಮಂಗಳ ಭೂಮಿಗೆ ಸುಮಾರು ಐದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅಷ್ಟು ಹತ್ತಿರ ಬಂದು ಹತ್ತಿರ ಹತ್ತಿರ 60,000 ವರ್ಷ ಆಗಿತ್ತಂತೆ.

ಎಲ್ಲಕ್ಕಿಂತ ಒಳ್ಳೆಯ ಪುಟಗಳು ಶುಕ್ರ ಸಂಕ್ರಮಣದವು. ಶುಕ್ರ ಸೂರ್ಯನ ಮುಖದ ಮೇಲೆ ಹಾದುಹೋಗುವುದು ಎಂಟು ವರ್ಷದ ಅಂತರದಲ್ಲಿ ಎರಡು ಸಲ ಬರುತ್ತದೆ, ಆಮೇಲೆ ನೂರು ವರ್ಷಕ್ಕೂ ಮೇಲ್ಪಟ್ಟು ಇಲ್ಲ. 2004ರ ಜೂನ್ 8ರಂದು ಒಂದು, 2012ರ ಜೂನ್‌ನಲ್ಲಿ ಇನ್ನೊಂದು. ಅಪ್ಪ ಎರಡನ್ನೂ ಒಂದೇ ರೀತಿ ನೋಡಿದರು. ದುರ್ಬೀನನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ಒಂದು ಕೊಳವೆ ಮುಚ್ಚಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ನೋಟ್‌ಬುಕ್ ಹಾಳೆಯ ಮೇಲೆ ಬೀಳಿಸಿದರು. ಹತ್ತಿರ ಹೋಗಿ ಅದರೊಳಗೆ ಕಣ್ಣಿಡಲು ಯಾರನ್ನೂ ಬಿಡಲಿಲ್ಲ, ಇಟ್ಟರೆ ಕಣ್ಣು ಹೋಗುತ್ತದೆ. ಹಾಳೆಯ ಮೇಲೆ ಬಿದ್ದ ಬಿಂಬದ ಸುತ್ತ ಹಾಗೇ ಪೆನ್ಸಿಲ್ ಆಡಿಸಿ, ಒಳಗೆ ಶುಕ್ರನ ಚುಕ್ಕಿ ತುಂಬಿದ್ದಾರೆ. ಚುಕ್ಕಿ ಸೂರ್ಯನ ಅಗಲದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಅಳತೆಪಟ್ಟಿ ಇಟ್ಟು ನೋಡಿದೆ, ಅಪ್ಪನ ಕೈ ಸರಿಯಾಗಿದೆ. ಇನ್ನೊಂದು ಚಿತ್ರದಲ್ಲಿ, ಅಂದರೆ 2012ರದ್ದರಲ್ಲಿ, ಗೆರೆ ಸೊಟ್ಟ, ಚುಕ್ಕಿ ಕಡಲೆಯಷ್ಟು ದಪ್ಪ. ಅದನ್ನು ಬರೆದಿದ್ದು ಅಕ್ಕನ ಮಗಳು, ಆಗಿನ್ನೂ ಅಕ್ಷರ ಕಲಿಯುತ್ತಿದ್ದ ಹುಡುಗಿ. ಕೆಳಗೆ ಅಪ್ಪನ ಕೈಬರಹ: 'ಮುಂದಿನದು 2117. ಇವಳ ಮರಿಮಕ್ಕಳು ನೋಡಲಿ.'

ಎರಡು ಚಿತ್ರಗಳನ್ನೂ ಎದುರುಬದುರು ಪುಟದಲ್ಲಿ ಹಾಕಿದೆವು. ಪುಸ್ತಿಕೆಗೆ ಒಂದು ದಾರಿ ಸಿಕ್ಕಿದ್ದು ಅಲ್ಲೇ. 2004ರಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ, ಪೆನ್ಸಿಲ್ ನನ್ನ ಕೈಗೆ ಬರಲಿಲ್ಲ. ಎಂಟು ವರ್ಷ ಆದ ಮೇಲೆ ಅದೇ ಮನುಷ್ಯ ಪೆನ್ಸಿಲ್ ಕೊಟ್ಟುಬಿಟ್ಟಿದ್ದಾರೆ!

ಆಮೇಲೆ ಪುಟಗಳನ್ನು ಬೇರೆ ಥರ ಓದಲು ಶುರು ಮಾಡಿದೆವು. ಅಪ್ಪ ಪ್ರತಿ ನಡಿಗೆಗೂ ಹೊರಟ ಹೊತ್ತು, ತಲುಪಿದ ಹೊತ್ತು, ದೂರ, ಏರು ಎಲ್ಲ ಬರೆಯುತ್ತಿದ್ದರು. ಅವರ ಹತ್ತಿರ ಒಂದು ಲೆಕ್ಕ ಇತ್ತು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕ, ಚಾರಣ ಮಾಡುವವರು ಇವತ್ತಿಗೂ ಬಳಸುತ್ತಾರೆ. ಗಟ್ಟಿ ಆಳು, ಒಳ್ಳೆ ದಾರಿ, ಎಲ್ಲೂ ನಿಲ್ಲದೆ ನಡೆದರೆ ಮಾತ್ರ ಸರಿಹೋಗುವ ಲೆಕ್ಕ ಅದು. ಮಕ್ಕಳಿಗಂತೂ ಅಲ್ಲವೇ ಅಲ್ಲ. ಹಳೇ ನೋಟ್‌ಬುಕ್‌ಗಳಲ್ಲಿ ನನ್ನ ಹೆಸರಿನ, ಅಕ್ಕನ ಹೆಸರಿನ ಮೊದಲಕ್ಷರ ಇದೆ, ಪಕ್ಕದಲ್ಲೇ 'ಲೆಕ್ಕಕ್ಕಿಂತ 10 ನಿಮಿಷ ಮುಂಚೆ' ಅಂತಿದೆ. ಆ ಹತ್ತು ನಿಮಿಷ ಎಲ್ಲಿಂದ ಬಂತು ಅಂತ ನಮ್ಮ ಕಾಲಿಗೆ ಗೊತ್ತು. ಅಪ್ಪ ಮುಂದೆ, ನಾವು ಓಡುತ್ತಾ ಹಿಂದೆ. ನನ್ನ ಬಾಲ್ಯದ ಬೆಟ್ಟಗಳೆಲ್ಲ ಅಪ್ಪನ ಬೆನ್ನಿನ ಚೀಲದ ಆಚೀಚೆ ಕಾಣುತ್ತಿದ್ದ ಬೆಟ್ಟಗಳು.

ಈಚಿನ ನೋಟ್‌ಬುಕ್ ತೆಗೆದರೆ, ಮೊಮ್ಮಕ್ಕಳ ಜೊತೆ ಹೋದ ಒಂದು ನಡಿಗೆಗೆ ಹೀಗಿದೆ: '800 ಮೀಟರ್. 2 ಗಂಟೆ 10 ನಿಮಿಷ. ಇರುವೆ.' ಅಷ್ಟೇ.

ಅಕ್ಕ ಮೊದಲು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಒಂದು ಇರುವೆ ನೋಡೋಕೂ ಬಿಡಲಿಲ್ಲವಲ್ಲೋ" ಅಂದಳು. ವಯಸ್ಸಾಯಿತು, ಮಂಡಿ ನೋವಿರಬೇಕು, ಅದಕ್ಕೇ ನಿಧಾನ ಅಂತ ನಾನು ಅಂದುಕೊಂಡೆ. ಪುಟ ತಿರುಗಿಸಿದರೆ ಅದೂ ಅಲ್ಲ. ಅದೇ ವಾರ ಒಬ್ಬರೇ ಹೋದ ನಡಿಗೆ ಬರೆದಿದ್ದಾರೆ, ಒಂಬತ್ತು ಕಿಲೋಮೀಟರ್, ಎರಡು ಗಂಟೆಗೂ ಕಡಿಮೆ. ಕಾಲು ಚೆನ್ನಾಗಿಯೇ ಇತ್ತು. ಮೊಮ್ಮಕ್ಕಳ ಜೊತೆ ಬೇಕಂತಲೇ ನಿಧಾನ ನಡೆದಿದ್ದಾರೆ. ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ನಾವು ಚಿಕ್ಕವರಿದ್ದಾಗ ಅಪ್ಪನಿಗೆ ವಾರಕ್ಕೆ ಒಂದು ರಜೆ. ಬೆಟ್ಟ ಹತ್ತಿ, ಇಳಿದು, ಸಂಜೆಯ ಕೊನೇ ಬಸ್ಸು ಹಿಡಿಯಬೇಕಿತ್ತು. ನಿವೃತ್ತಿ ಆದ ಮೇಲೆ ಆ ಬಸ್ಸಿನ ಗೋಜು ಇರಲಿಲ್ಲ. ಅಕ್ಕ ಇದನ್ನು ಪೂರ್ತಿ ಒಪ್ಪುವುದಿಲ್ಲ. ಬಸ್ಸಿಲ್ಲದ ದಿನವೂ ಓಡಿಸಿದ್ದಾರೆ ಅನ್ನುವುದು ಅವಳ ವಾದ, ಅದಕ್ಕೆ ನೋಟ್‌ಬುಕ್‌ನಲ್ಲೇ ಸಾಕ್ಷಿ ಇದೆ.

ಮೊಮ್ಮಕ್ಕಳನ್ನು ಮಾತಾಡಿಸುವ ಕೆಲಸ ಅಕ್ಕನದು. ಮೂವರನ್ನೂ ಒಟ್ಟಿಗೆ ಕೂರಿಸಬಾರದು ಅಂತ ಅವಳು ಮೊದಲೇ ಹೇಳಿದ್ದಳು. ಅದು ತುಂಬ ಸರಿ. ಒಬ್ಬರು ಹೇಳಿದ್ದು ಕೇಳಿದರೆ ಇನ್ನೊಬ್ಬರಿಗೂ ಹಾಗೇ ಆಗಿತ್ತು ಅನ್ನಿಸಿಬಿಡುತ್ತದೆ, ದೊಡ್ಡವರಿಗೂ ಅಷ್ಟೇ. ಒಬ್ಬೊಬ್ಬರನ್ನೇ ಕರೆದು, ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ, ಫೋನನ್ನು ಮಗುಚಿಟ್ಟಳು. 'ತಾತ ಹೇಗಿದ್ರು?' ಅಂತ ಕೇಳಿದರೆ ಬರುವ ಉತ್ತರ 'ಒಳ್ಳೆಯವರು' ಅಂತ ಒಂದೇ. ಅದರ ಬದಲು 'ತಾತನ ಜೇಬಲ್ಲಿ ಏನೇನಿರ್ತಿತ್ತು?' ಅಂತ ಕೇಳಿದಳು. ಅಲ್ಲಿಂದ ಬಾಯಿ ನಿಲ್ಲಲಿಲ್ಲ. ಪೆನ್ಸಿಲ್ ತುಂಡು, ದಾರ, ಬೇರೆಯವರು ಬಿಸಾಡಿದ ಕಸ ತುಂಬಿಕೊಂಡು ಬರುವುದಕ್ಕೆ ಮಡಚಿಟ್ಟ ಕವರ್, ಒಂದು ಸೀಟಿ.

ಸೀಟಿಯ ಕತೆ ಮೂವರೂ ಹೇಳಿದರು. ದಾರಿ ತಪ್ಪಿದರೆ ಹುಡುಕಿಕೊಂಡು ಹೋಗಬಾರದು, ಇದ್ದಲ್ಲೇ ಒಂದು ಮರ ಹಿಡಿದು ಕೂರಬೇಕು. ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಹಲವು ಪರ್ವತ ಪ್ರದೇಶಗಳಲ್ಲಿ ಇದೇ ಸಂಕೇತ. ನಮಗೂ ಇದೇ ಪಾಠ ಆಗಿತ್ತು, ಬಾಯಿಪಾಠ ಮಾಡಿಸಿದ್ದರು. ಮೊಮ್ಮಕ್ಕಳಿಗೆ ಇದು ಆಟ. ತಾತ ಮರದ ಹಿಂದೆ ಅವಿತು ಕೂತು ಆರು ಸಲ ಊದುವುದು, ಇವರು ಹುಡುಕುವುದು. "ತಾತ ಯಾವಾಗ್ಲೂ ಸುಲಭವಾಗಿ ಸಿಕ್ಕಿಹಾಕ್ಕೊಳ್ತಿದ್ರು, ಹೊಟ್ಟೆ ಕಾಣ್ತಿತ್ತು" ಅಂತ ನನ್ನ ಮಗ. ಅಪ್ಪನನ್ನು ನಾನು ಬೆಟ್ಟದಲ್ಲಿ ಯಾವತ್ತೂ ಆಟ ಆಡಿದ್ದು ನೋಡಿಲ್ಲ.

ಇರುವೆಯ ಗುಟ್ಟು ಹೇಳಿದ್ದು ಎಲ್ಲರಿಗಿಂತ ಚಿಕ್ಕವಳು. ಸಾಲು ಹೋಗುತ್ತಿರುವ ಕಡೆ ನೆಲಕ್ಕೆ ಅಡ್ಡಲಾಗಿ ಒಂದು ಬೆರಳು ಉಜ್ಜಬೇಕಂತೆ. ಇರುವೆಗಳು ಅಲ್ಲಿಗೆ ಬಂದು ತಬ್ಬಿಬ್ಬಾಗಿ ಆಚೀಚೆ ತಿರುಗುತ್ತವೆ. ದಾರಿಗೆ ಬಳಿದ ವಾಸನೆ ಅಳಿಸಿಹೋಗಿರುತ್ತದೆ. ಸ್ವಲ್ಪ ಹೊತ್ತಿಗೆ ಯಾವುದೋ ಒಂದು ದಾಟಿ ಆಚೆ ಸೇರುತ್ತದೆ, ಹಿಂದೆಯೇ ಉಳಿದವು. "ಯಾವುದು ಮೊದ್ಲು ದಾಟತ್ತೆ ಅಂತ ತಾತ ನನ್ನ ಹತ್ರ ಪಂತ ಕಟ್ತಿದ್ರು. ಎಲ್ಲಾ ಒಂದೇ ಥರ ಇರ್ತವೆ, ಸೋತಿದ್ದು ಯಾರು ಅಂತಾನೇ ಗೊತ್ತಾಗ್ತಿರಲಿಲ್ಲ." ಎರಡು ಗಂಟೆ ಹತ್ತು ನಿಮಿಷ ಹೋಗಿದ್ದು ಹೀಗೆ.

ಸೂರ್ಯ ಮುಳುಗಲು ಎಷ್ಟು ಹೊತ್ತಿದೆ ಅಂತ ಬೆರಳಿನಲ್ಲಿ ಅಳೆಯುವುದು ಮಾತ್ರ ನಮಗೂ ಅವರಿಗೂ ಒಂದೇ ಥರ ಹೇಳಿಕೊಟ್ಟಿದ್ದಾರೆ. ಕೈ ಪೂರ್ತಿ ಚಾಚಿ, ಅಂಗೈ ನಮ್ಮ ಕಡೆ ಇರಬೇಕು. ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತದೋ ನೋಡಬೇಕು. ಒಂದು ಬೆರಳಿಗೆ ಸುಮಾರು ಕಾಲು ಗಂಟೆ. ಮಕ್ಕಳ ಬೆರಳು ಸಣ್ಣದು, ಲೆಕ್ಕ ತಪ್ಪಲ್ವಾ ಅಂತ ನಾನು ಕೇಳಿದ್ದು ನೆನಪಿದೆ. ಬೆರಳು ಸಣ್ಣದಾದರೆ ತೋಳೂ ಗಿಡ್ಡ, ಎರಡಕ್ಕೂ ಸರಿಹೋಯಿತು ಅಂದಿದ್ದರು.

ಮಾತು ಮುಗಿಸಿ ಸಾಮಾನಿನ ಕಡೆ ಬಂದೆವು. ಬೂಟು ಫೋಟೊ ತೆಗೆಯೋಣ ಅಂತ ಕಪಾಟಿನಿಂದ ಎತ್ತಿದರೆ ಅಟ್ಟೆ ಕಪಾಟಿನಲ್ಲೇ ಉಳಿಯಿತು. ಮೇಲಿನ ಚರ್ಮ ಗಟ್ಟಿಮುಟ್ಟು, ಕೆಳಗಿನ ಮೆತ್ತನೆಯ ಪದರ ಪುಡಿಪುಡಿ. ಆ ಪದರ ಪಾಲಿಯುರೆಥೇನ್‌ದು, ಗಾಳಿಯ ತೇವಕ್ಕೇ ಒಳಗಿಂದೊಳಗೆ ಕಳಚುತ್ತಾ ಹೋಗುತ್ತದೆ. ಹಾಕದೆ ಜೋಪಾನವಾಗಿ ಎತ್ತಿಟ್ಟರೂ ಬಚಾವಾಗಲ್ಲ. ನೆನಪಿಗೆ ಅಂತ ಬೂಟು ಇಟ್ಟುಕೊಂಡವರು ಆಗಾಗ ಮುಟ್ಟಿ ನೋಡಿ. ಪುಡಿಯಾದ ಅಟ್ಟೆಯ ಜೊತೆಗೇ ಫೋಟೊ ತೆಗೆದೆವು. ಮುಚ್ಚಿಡುವಂಥದ್ದು ಏನಿದೆ ಅದರಲ್ಲಿ.

ದುರ್ಬೀನು ಅಪ್ಪನ ಪ್ರಾಣ. ಗಾಜಿಗೆ ಬೂಷ್ಟು ಹಿಡಿಯದಿರಲಿ ಅಂತ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತಿದ್ದರು. ಬೂಷ್ಟು ಒಮ್ಮೆ ಹತ್ತಿದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ತೆಗೆದು ಕಣ್ಣಿಗಿಟ್ಟೆ. ಏನೋ ಸರಿಯಿಲ್ಲ. ಎರಡು ಕಣ್ಣಿನ ವೃತ್ತಗಳು ಒಂದಾಗುತ್ತಲೇ ಇಲ್ಲ. ಕೆಟ್ಟಿದೆಯಾ ಅಂತ ತಿರುಗಿಸಿ ನೋಡಿದರೆ, ನಡುವಿನ ಕೀಲನ್ನು ತುದಿಯವರೆಗೂ ಮಡಚಲಾಗಿತ್ತು. ಎರಡು ಕಣ್ಣುಗಳ ನಡುವಿನ ಅಂತರ ಮಕ್ಕಳಿಗೆ ಕಡಿಮೆ ಅಲ್ವಾ, ಅದಕ್ಕೆ ತಕ್ಕ ಹಾಗೆ. ಕುತ್ತಿಗೆಯ ಪಟ್ಟಿಗೂ ಒಂದು ಗಂಟು ಹಾಕಿ ಗಿಡ್ಡ ಮಾಡಿದ್ದರು. ಕೊನೆಯ ಸಲ ಅದರಲ್ಲಿ ಹಕ್ಕಿ ನೋಡಿದ್ದು ಚಿಕ್ಕವಳು ಅಂತಾಯಿತು. ನಮಗೆ ಆ ದುರ್ಬೀನು ಮುಟ್ಟುವ ಹಕ್ಕು ಬಂದಿದ್ದು ಕಾಲೇಜು ಸೇರಿದ ಮೇಲೆ. ಅಕ್ಕನಿಗೆ ತೋರಿಸಿದೆ. ಅವಳೂ ಕಣ್ಣಿಗಿಟ್ಟು ನೋಡಿದಳು, ಕೀಲು ಬಿಡಿಸದೆ ವಾಪಸ್ ಕೊಟ್ಟಳು. ಅದು ಈಗ ಚಿಕ್ಕವಳ ಹತ್ತಿರ ಇದೆ. ಈ ಹಂಚಿಕೆಗೆ ಚರ್ಚೆ ಬೇಕಾಗಲಿಲ್ಲ.

ಫೋಟೊಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಮೆರಾ ಹಿಡಿದವರು ಯಾವಾಗಲೂ ಅಪ್ಪನೇ, ಹಾಗಾಗಿ ಅವರಿರುವ ಫೋಟೊ ಕಡಿಮೆ, ಇದ್ದರೂ ಬೆನ್ನೇ. ಸ್ನೇಹಿತರ ಹತ್ತಿರ ಕೇಳಬೇಕು. ಕೇಳುವಾಗ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಮಾಮೂಲಿಯಾಗಿ ಕಳಿಸಿದರೆ ಚಿತ್ರ ಚಿಕ್ಕದಾಗುತ್ತದೆ, ಒಳಗೆ ಇರುವ ತಾರೀಖೂ ಹೋಗುತ್ತದೆ. ಎಷ್ಟು ಹೇಳಿದರೂ ಅರ್ಧ ಜನ ಮಾಮೂಲಿಯಾಗೇ ಕಳಿಸುತ್ತಾರೆ, ಅದು ಬೇರೆ ಮಾತು.

ಒಂದು ಪುಟವನ್ನು ಹಾಕಬೇಕೋ ಬೇಡವೋ ಅಂತ ನಾನು ತುಂಬ ಯೋಚಿಸಿದೆ. ನಾನು ಹೈಸ್ಕೂಲಿನಲ್ಲಿದ್ದಾಗಿನದು. ನೆತ್ತಿ ಕಣ್ಣೆದುರೇ ಇತ್ತು. ಮಿಂಚು ಕಂಡಿತು, ಅಪ್ಪ ಎಣಿಸಲು ಶುರು ಮಾಡಿದರು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಬರುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಎತ್ತರದ ಬಯಲಿನಲ್ಲಿ ಇರಬಾರದು. ಇಪ್ಪತ್ತೂ ಬರಲಿಲ್ಲ. "ಇಳಿ" ಅಂದರು, ಅಷ್ಟೇ, ತಿರುಗಿ ನಡೆದೇಬಿಟ್ಟರು. ಕೆಳಗೆ ಬರುವವರೆಗೂ ನಾನು ಮಾತಾಡಲಿಲ್ಲ. ಅವರೂ ಆಡಿಸಲಿಲ್ಲ. ನೋಟ್‌ಬುಕ್‌ನಲ್ಲಿ ಆ ದಿನದ ಸಾಲು: 'ಗುಡುಗು 18. ವಾಪಸ್. ಮಗನಿಗೆ ಕೋಪ. ಇರಲಿ.' ಆ ಕೊನೆಯ ಪದದ ಮೇಲೆ ಒಂದು ಸಲ ಗೆರೆ ಹೊಡೆದು, ಮತ್ತೆ ಅದನ್ನೇ ಬರೆದಿದ್ದಾರೆ. ಓರೆ ಬೆಳಕಿನಲ್ಲಿ ಎರಡೂ ಕಾಣುತ್ತವೆ. ಏನು ಬರೆಯಬೇಕು ಅಂತ ಅವರಿಗೂ ತೋಚಿರಲಿಲ್ಲವೇನೋ. ಮೊಮ್ಮಕ್ಕಳಿಗೆ ಈ ಅಪ್ಪ ಗೊತ್ತಿಲ್ಲ. ಅದಕ್ಕೇ ಆ ಪುಟ ಇರಲಿ ಅಂದಳು ಅಕ್ಕ. ಹಾಕಿದೆವು.

ಮುದ್ರಣದವರು ಹೇಳಿದ ಒಂದು ವಿಷಯ ಮೊದಲೇ ತಿಳಿದಿರುವುದು ಒಳ್ಳೆಯದು. ನಡುವೆ ಪಿನ್ ಹೊಡೆಯುವ ಪುಸ್ತಿಕೆ ಅಂದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ನಮಗೆ ಎರಡು ಪುಟ ಉಳಿದವು. ಅವನ್ನು ಖಾಲಿ ಬಿಡಿ ಅಂದಿದ್ದು ನನ್ನ ಮಗ. ಖಾಲಿ ಯಾಕೋ ಅಂದರೆ, "ತಾತನ ನೋಟ್‌ಬುಕ್‌ನಲ್ಲಿ ಹಿಂದೆ ಖಾಲಿ ಪುಟ ಇರ್ತಿತ್ತಲ್ಲ, ನಮಗೆ ಗೀಚೋಕೆ ಕೊಡ್ತಿದ್ರು" ಅಂದ. ಪೆನ್ಸಿಲ್ ಹಿಡಿಸುವ ಕಾಗದ ಹಾಕಿಸಿದೆವು. ಹೊಳೆಯುವ ಕಾಗದ ಚಂದ ಕಾಣುತ್ತದೆ, ಆದರೆ ಅದರ ಮೇಲೆ ಪೆನ್ಸಿಲ್ ಸರಿಯಾಗಿ ಮೂಡಲ್ಲ.

ಪುಸ್ತಿಕೆ ಹಂಚಿದ ಮಾರನೇ ದಿನವೇ ಅಪ್ಪನ ಹಳೇ ಚಾರಣದ ಸ್ನೇಹಿತರ ಫೋನು. "ಚೆನ್ನಾಗಿ ಮಾಡಿದ್ದೀರಪ್ಪಾ. ಆದ್ರೆ ಆ ಹಳ್ಳ ದಾಟುವ ಅಡ್ಡದಾರಿ ಇದೆಯಲ್ಲ, 'ದಾರಿ ಸಿಕ್ಕಿತು' ಅಂತ ನಿಮ್ಮಪ್ಪ ಬರೆದಿರೋದು, ಅದು ಸಿಕ್ಕಿದ್ದು ನನಗೆ. ನಿಮ್ಮಪ್ಪ ಆಗ ಮುಳ್ಳಿನ ಪೊದೆಯಲ್ಲಿ ಸಿಕ್ಕಿಕೊಂಡು ನನ್ನನ್ನೇ ಬೈತಾ ಇದ್ರು." ಅಪ್ಪನ ಸಾಲಿನಲ್ಲಿ ಯಾರಿಗೆ ಸಿಕ್ಕಿತು ಅಂತ ಇಲ್ಲ, ನಿಜ. ಇನ್ನೊಂದು ಸಲ ಮುದ್ರಿಸುವಾಗ ಅವರ ಮಾತನ್ನೂ ಪಕ್ಕದಲ್ಲೇ ಹಾಕೋಣ ಅಂತ ಅಕ್ಕ ಆಗಲೇ ಒಪ್ಪಿಕೊಂಡಿದ್ದಾಳೆ. ಆ ದಿನದ ಫೋಟೊ ತಮ್ಮ ಹತ್ತಿರ ಇದೆ, ಮುಳ್ಳಿನ ಪೊದೆಯೂ ಕಾಣುತ್ತೆ ಅಂದರು. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಬಿಡಿಸಿ ಹೇಳಿದೆ. ಸಂಜೆ ಬಂತು, ಮಾಮೂಲಿ ಫೋಟೊ ಥರಾನೇ.